ಬಾಡಿಗೆಯಿಂದ ಬದುಕಿದ ದೋಣಿಗಳು

1997ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಲಂಡನ್ನಿಗೆ ಬಂದಿದ್ದರು. ಪ್ರಧಾನಿ ಟೋನಿ ಬ್ಲೇರ್ ಜೊತೆ ಥೇಮ್ಸ್ ದಡದ ಒಂದು ರೆಸ್ಟೋರೆಂಟಿನಲ್ಲಿ ಊಟ ಮುಗಿಸಿ ಹಿಂತಿರುಗುವಾಗ ಅವರ ಕಾರುಗಳ ಸಾಲು ಟವರ್ ಬ್ರಿಡ್ಜ್ ಮೇಲೆ ಬಂತು. ಆಗಲೇ ಸೇತುವೆ ಎರಡು ಹೋಳಾಗಿ ಮೇಲೇಳಲು ಶುರುವಾಯಿತು! ಅಧ್ಯಕ್ಷರ ಕಾರು ಒಂದು ಕಡೆ, ಹಿಂದಿದ್ದ ಕಾರುಗಳು ಇನ್ನೊಂದು ಕಡೆ. ಜಗತ್ತಿನ ಅತಿ ದೊಡ್ಡ ಭದ್ರತಾ ಪಡೆಯನ್ನು ಹೀಗೆ ನಿಲ್ಲಿಸಿದ್ದು ಗ್ಲ್ಯಾಡಿಸ್ ಎಂಬ ಮರದ ಹಾಯಿದೋಣಿ. ಅದು 1901ರಲ್ಲಿ ಕಟ್ಟಿದ್ದು.

ಇದು ಯಾರ ತಪ್ಪೂ ಅಲ್ಲ. ಸೇತುವೆ 1894ರಲ್ಲಿ ಶುರುವಾದಾಗಿನಿಂದ ಅಲ್ಲಿ ನದಿಗೇ ಮೊದಲ ಹಕ್ಕು, ರಸ್ತೆಗೆ ಆಮೇಲೆ. ಕೂವೆಮರ 9 ಮೀಟರಿಗಿಂತ ಎತ್ತರ ಇರುವ ಯಾವ ದೋಣಿಯೇ ಆಗಲಿ, 24 ಗಂಟೆ ಮೊದಲೇ ತಿಳಿಸಿದರೆ ಸೇತುವೆ ಎತ್ತಿ ಕೊಡಬೇಕು. ಅದಕ್ಕೆ ಒಂದು ಪೆನ್ನಿಯನ್ನೂ ಕೇಳುವಂತಿಲ್ಲ. ಈಗ ವರ್ಷಕ್ಕೆ ಸುಮಾರು 800 ಸಲ ಸೇತುವೆ ಏಳುತ್ತದೆ. ಹಾಗೆ ಎತ್ತಿಸಿಕೊಂಡು ಹೋಗುವವುಗಳಲ್ಲಿ ಹುಟ್ಟುಹಬ್ಬಕ್ಕೋ ಆಫೀಸಿನ ಪಾರ್ಟಿಗೋ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆದ ಹಳೆಯ ಮರದ ದೋಣಿಗಳೂ ಇವೆ. ನಮ್ಮ ಬಸ್ಸು ಅಲ್ಲಿ ನಿಂತಾಗ ಜನ ಫೋನು ತೆಗೆದು ಫೋಟೋ ಹಿಡಿಯುತ್ತಾರೆ, ಕೆಲವರು ಬೈಯುತ್ತಾರೆ. ನಾನು ಮಾತ್ರ ಈ ದೋಣಿಗಳು ಇನ್ನೂ ಹೇಗೆ ಉಳಿದಿವೆ ಎಂದು ಯೋಚಿಸುತ್ತಿದ್ದೆ. ನೂರು ವರ್ಷದ ಮರ ನೀರಿನಲ್ಲಿ ತನ್ನಷ್ಟಕ್ಕೆ ತಾನೇ ಉಳಿಯುವುದಿಲ್ಲವಲ್ಲ!

ಮೊದಲು ಈ ದೋಣಿ ಎಂಥದ್ದು ಎಂದು ಹೇಳುತ್ತೇನೆ. ಇದಕ್ಕೆ ಥೇಮ್ಸ್ ಸೇಲಿಂಗ್ ಬಾರ್ಜ್ ಎಂದು ಹೆಸರು. ತಳ ಹಲಗೆಯ ಹಾಗೆ ಚಪ್ಪಟೆ. ಹಾಗಾಗಿ ನೀರು ಇಳಿದಾಗ ಕೆಸರಿನ ಮೇಲೆ ವಾಲದೆ ಕೂತುಕೊಳ್ಳುತ್ತದೆ, ಭರತ ಬಂದಾಗ ಮತ್ತೆ ತೇಲುತ್ತದೆ. ಚಪ್ಪಟೆ ತಳದ ದೋಣಿ ಗಾಳಿಗೆ ಪಕ್ಕಕ್ಕೆ ಜಾರಬಾರದೆಂದು ಎರಡೂ ಬದಿಗೆ ದೊಡ್ಡ ಕಿವಿಗಳಂತೆ ಹಲಗೆಗಳನ್ನು ನೇತುಹಾಕಿರುತ್ತಾರೆ, ಬೇಕಾದಾಗ ಒಂದನ್ನು ನೀರಿಗೆ ಇಳಿಸುತ್ತಾರೆ. ದೊಡ್ಡ ಹಾಯಿಯನ್ನು ಓರೆಯಾಗಿ ನಿಂತ ಉದ್ದನೆಯ ಮರವೊಂದು ಹಿಡಿದಿರುತ್ತದೆ. ಹಾಯಿಬಟ್ಟೆ ಕೊಳೆಯದಂತೆ ಮೀನಿನೆಣ್ಣೆ ಮತ್ತು ಕೆಂಪು ಕಾವಿಮಣ್ಣು ಬಳಿಯುತ್ತಿದ್ದರು, ಅದಕ್ಕೇ ಆ ತುಕ್ಕು ಕೆಂಪು ಬಣ್ಣ. ನನಗೆ ಬಹಳ ಆಶ್ಚರ್ಯವಾದದ್ದು ಬೇರೆ. ನೂರು ಟನ್ನಿಗೂ ಹೆಚ್ಚು ಸರಕು ಹೊತ್ತ ಈ ದೋಣಿಯನ್ನು ನಡೆಸಲು ಇಬ್ಬರೇ ಸಾಕಾಗಿತ್ತು, ಒಬ್ಬ ದೊಡ್ಡವನು ಮತ್ತು ಒಬ್ಬ ಹುಡುಗ. ಆ ಹುಡುಗ ಹೆಚ್ಚಾಗಿ ನನಗಿಂತ ಚಿಕ್ಕವನು. ಸೇತುವೆ ಅಡ್ಡ ಬಂದರೆ ಓಡುತ್ತಿರುವಾಗಲೇ ಕೂವೆಮರವನ್ನು ಹಾಯಿ ಸಮೇತ ಮಲಗಿಸಿ, ಕೆಳಗೆ ನುಸುಳಿ, ಆಚೆ ಕಡೆ ಮತ್ತೆ ಎಬ್ಬಿಸುತ್ತಿದ್ದರು.

ಇವು ಹೊತ್ತದ್ದು ಏನು? ಒಂದು ಮಾತಿನಲ್ಲಿ ಹೇಳುವುದಾದರೆ ಲಂಡನ್ನನ್ನೇ. ಪೂರ್ವ ಲಂಡನ್ನಿನಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಹಳದಿ ಇಟ್ಟಿಗೆಯವು. ಇಂಥ ಇಟ್ಟಿಗೆಯನ್ನು ಕೆಂಟ್ ಮತ್ತು ಎಸೆಕ್ಸ್ ಕಡೆ ಸುಟ್ಟು ಬಾರ್ಜುಗಳಲ್ಲಿ ತರುತ್ತಿದ್ದರು. ಹಿಂತಿರುಗುವಾಗ ದೋಣಿ ಖಾಲಿ ಹೋಗುತ್ತಿರಲಿಲ್ಲ. ಲಂಡನ್ನಿನ ಒಲೆಗಳ ಬೂದಿ ಹೋಗುತ್ತಿತ್ತು, ಆ ಬೂದಿಯನ್ನೇ ಜರಡಿ ಹಿಡಿದು ಮಣ್ಣಿಗೆ ಬೆರೆಸಿ ಮುಂದಿನ ಇಟ್ಟಿಗೆ ಮಾಡುತ್ತಿದ್ದರು. ಹಳ್ಳಿಯಿಂದ ಕುದುರೆಗಳಿಗೆ ಹುಲ್ಲು ಬರುತ್ತಿತ್ತು, ಅದೇ ಕುದುರೆಗಳ ಲದ್ದಿ ಗೊಬ್ಬರವಾಗಿ ಹಳ್ಳಿಗೆ ಹೋಗುತ್ತಿತ್ತು. ಈಗ ನಾವು ಮೂರು ಬಣ್ಣದ ಬಿನ್ನುಗಳನ್ನಿಟ್ಟು ಮಾಡುವ ಕೆಲಸವನ್ನು ಅವರು ಬಿನ್ನಿಲ್ಲದೆ ಮಾಡುತ್ತಿದ್ದರು. ಹೀಗೆ ಕಸ ಸಾಗಿಸಿಯೇ ಶ್ರೀಮಂತನಾದ ಹೆನ್ರಿ ಡಾಡ್ ಎಂಬಾತ 1863ರಲ್ಲಿ ಬಾರ್ಜುಗಳ ಪಂದ್ಯ ಶುರುಮಾಡಿದ. ಡಿಕನ್ಸ್ ಕಾದಂಬರಿಯೊಂದರ ಕಸದ ಸಾಹುಕಾರನಿಗೆ ಈತನೇ ಮಾದರಿ ಎಂದು ಹೇಳುವವರಿದ್ದಾರೆ.

ಮಂಗಳೂರಿನವರಿಗೆ ಈ ಕಥೆ ಹೊಸದಾಗಿ ಕೇಳುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಡದ ಜೇಡಿಮಣ್ಣು ದೋಣಿಯಲ್ಲಿ ಕಾರ್ಖಾನೆಗೆ ಬರುತ್ತಿತ್ತು, ಸುಟ್ಟ ಹಂಚು ಮಂಜಿಗಳಲ್ಲಿ ಕರಾವಳಿಯುದ್ದಕ್ಕೂ ಹೋಗುತ್ತಿತ್ತು. ಮಂಜಿ ಎಂದರೆ ನಮ್ಮ ಕರಾವಳಿಯ ಮರದ ಸರಕು ಹಡಗು. ಅಲ್ಲಿ ಮಾಡು, ಇಲ್ಲಿ ಗೋಡೆ, ಎರಡೂ ಹಾಯಿದೋಣಿಯಲ್ಲಿ ಬಂದವು.

ಇನ್ನೊಂದು ವಿಷಯ. ಲ್ಯಾಂಬೆತ್‌ನಲ್ಲಿ, ಆಲ್ಬರ್ಟ್ ಎಂಬ್ಯಾಂಕ್ಮೆಂಟ್ ಮೇಲೆ, 2015ರ ನವೆಂಬರ್ 14ರಂದು ಅನಾವರಣವಾದ ಬಸವಣ್ಣನವರ ಪ್ರತಿಮೆ ನಮಗೆಲ್ಲ ಗೊತ್ತು. ಪ್ರತಿ ವರ್ಷ ಹೂಮಾಲೆ ಹಾಕಲು ಹೋಗುತ್ತೇವೆ. ಅದೇ ದಡದಲ್ಲಿ ಒಂದು ಕಾಲಕ್ಕೆ ಡೌಲ್ಟನ್ ಕಂಪನಿಯ ದೊಡ್ಡ ಕುಂಬಾರಿಕೆ ಕಾರ್ಖಾನೆ ಇತ್ತು, 1956ರ ವರೆಗೂ ನಡೆಯಿತು. ಅದಕ್ಕೂ ಜೇಡಿಮಣ್ಣು ನೀರಿನ ದಾರಿಯಲ್ಲೇ ಬರುತ್ತಿತ್ತು. ಬಸವಣ್ಣನವರ ಜೊತೆಗಿದ್ದ ಶರಣರಲ್ಲಿ ಕುಂಬಾರ ಗುಂಡಯ್ಯ ಇದ್ದರು, ದೋಣಿ ನಡೆಸುವ ಅಂಬಿಗರ ಚೌಡಯ್ಯನವರೂ ಇದ್ದರು. ಪ್ರತಿಮೆಗೆ ಜಾಗ ಹುಡುಕಿದವರಿಗೆ ಇದು ಹೊಳೆದಿತ್ತೋ ಇಲ್ಲವೋ, ನನಗಂತೂ ಜಾಗ ಸರಿಯಾಗಿದೆ ಅನ್ನಿಸುತ್ತದೆ.

20ನೇ ಶತಮಾನ ಶುರುವಾಗುವಾಗ ಇಂಥ ಬಾರ್ಜುಗಳು ಎರಡು ಸಾವಿರಕ್ಕೂ ಹೆಚ್ಚು ಇದ್ದವು. ಆಮೇಲೆ ಲಾರಿ ಬಂತು, ಎಂಜಿನ್ ಬಂತು, ಕುದುರೆ ಹೋಯಿತು. 1906ರಲ್ಲಿ ಗ್ರೀನ್‌ಹೈತ್‌ನಲ್ಲಿ ಕಟ್ಟಿದ ಕೇಂಬ್ರಿಯಾ ಎಂಬ ಬಾರ್ಜು, ಎಂಜಿನ್ ಇಲ್ಲದೆ ಬರೀ ಹಾಯಿಯಿಂದ ಸರಕು ಸಾಗಿಸಿದ ಬ್ರಿಟನ್ನಿನ ಕೊನೆಯ ಹಡಗು. ಬಾಬ್ ರಾಬರ್ಟ್ಸ್ ಅದರ ಕಪ್ತಾನರು, ಹಾಡುಗಾರರೂ ಆಗಿದ್ದರು. 1970ರಲ್ಲಿ ಅದೂ ನಿಂತಿತು. ಉಳಿದ ಬಾರ್ಜುಗಳಲ್ಲಿ ಕೆಲವು ಮನೆಗಳಾದವು, ಹಲವು ಅಳಿವೆಯ ಕೆಸರಿನಲ್ಲಿ ಬಿದ್ದು ಪಕ್ಕೆಲುಬು ತೋರಿಸುತ್ತಾ ಕೊಳೆತವು. ಇನ್ನು ಕೆಲವು ಬಾಡಿಗೆಗೆ ಹೊರಟವು.

ದೋಣಿ ಬಾಡಿಗೆಗೆ ಕೊಡುವುದು 1970ರ ನಂತರದ ಉಪಾಯ ಎಂದು ನಾನು ಮೊದಲು ತಿಳಿದಿದ್ದೆ. ಓದುತ್ತಾ ಹೋದಾಗ ಲಂಡನ್ನಿನ ಪಶ್ಚಿಮಕ್ಕೆ, ರಿಚ್‌ಮಂಡ್, ಟ್ವಿಕನಮ್, ಟೆಡಿಂಗ್ಟನ್, ಹ್ಯಾಂಪ್ಟನ್ ಕಡೆಗೆ ನೋಡಬೇಕಾಯಿತು. ಅಲ್ಲಿ ಥೇಮ್ಸ್ ಅಗಲ ಕಡಿಮೆ, ದಡದಲ್ಲಿ ಮರಗಳು, ಟೆಡಿಂಗ್ಟನ್‌ನಿಂದ ಮೇಲೆ ಭರತ-ಇಳಿತವೂ ಇಲ್ಲ. ಅಲ್ಲಿನ ಬೆಸ್ತರ ಮನೆತನಗಳು ಬಲೆ ಹಾಕಿ ಮೀನು ಹಿಡಿದು ಮಾರಿ ಬದುಕುತ್ತಿದ್ದವು. 19ನೇ ಶತಮಾನದಲ್ಲಿ ನಗರದ ಹೊಲಸು ನದಿಗೆ ಸೇರಿತು. 1833ರ ಹೊತ್ತಿಗೆ ಸಾಲ್ಮನ್ ಮೀನು ಬರುವುದೇ ನಿಂತಿತು. ಅದೇ ಸಮಯಕ್ಕೆ ಶೋಕಿಗಾಗಿ ಗಾಳ ಹಾಕುವ ಸಾಹುಕಾರರು 1838ರಲ್ಲಿ ಹ್ಯಾಂಪ್ಟನ್‌ನಲ್ಲಿ ಸೇರಿ ಥೇಮ್ಸ್ ಆಂಗ್ಲಿಂಗ್ ಪ್ರಿಸರ್ವೇಷನ್ ಸೊಸೈಟಿ ಕಟ್ಟಿದರು. ಬಲೆಯವರನ್ನು ತಡೆಯುವುದು, ಗಾಳದವರಿಗೆ ಮೀನು ಉಳಿಸುವುದು ಅದರ ಉದ್ದೇಶ. ನದಿಗೆ ಕಾವಲುಗಾರರನ್ನೂ ಇಟ್ಟರು.

ಬೆಸ್ತರು ಆಗ ಏನು ಮಾಡಬೇಕು? ತಮ್ಮ ಪಂಟ್ ದೋಣಿಯನ್ನು, ಜೊತೆಗೆ ತಮ್ಮನ್ನೂ, ದಿನದ ಬಾಡಿಗೆಗೆ ಕೊಟ್ಟರು. 1846ರಲ್ಲಿ ರಿಚ್‌ಮಂಡಿಗೆ ರೈಲು ಬಂದ ಮೇಲೆ ಗಿರಾಕಿಗಳಿಗೆ ಕೊರತೆ ಇರಲಿಲ್ಲ. ಪಂಟ್ ಉದ್ದನೆಯ, ಚಪ್ಪಟೆ ತಳದ ಮರದ ದೋಣಿ. ಬೆಸ್ತ ಅದನ್ನು ಜಲ್ಲೆ ಊರಿ ನಡೆಸಿಕೊಂಡು ಹೋಗಿ, ಕಬ್ಬಿಣದ ಮೊನೆಯ ಎರಡು ದೊಡ್ಡ ಜಲ್ಲೆಗಳನ್ನು ತಳಕ್ಕೆ ಚುಚ್ಚಿ, ದೋಣಿಯನ್ನು ಹರಿವಿಗೆ ಅಡ್ಡವಾಗಿ ಕಟ್ಟುತ್ತಿದ್ದ. ದೋಣಿಯೊಳಗೆ ನಿಜವಾದ ಮರದ ಕುರ್ಚಿಗಳು! ಅದರ ಮೇಲೆ ಟೋಪಿ ಹಾಕಿಕೊಂಡ ಗಂಡಸರು, ಎಷ್ಟೋ ಸಲ ಹೆಂಗಸರು ಕೂಡ, ಊಟದ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ಬೆಸ್ತ ಉದ್ದ ಹಿಡಿಯ ಕಬ್ಬಿಣದ ಹಲುಬೆಯಿಂದ ತಳದ ಜಲ್ಲಿಕಲ್ಲು ಕೆರೆದರೆ ಕೆಸರೆದ್ದು, ಅದರಲ್ಲಿ ತಿನ್ನಲು ಏನಾದರೂ ಸಿಗುತ್ತದೆಂದು ಗಜನ್ ಎಂಬ ಪುಟ್ಟ ಮೀನುಗಳು ಗುಂಪಾಗಿ ಬರುತ್ತಿದ್ದವು. ಹಿಡಿದ ಮೀನು ಹಾಕಲು ದೋಣಿಯ ಮಧ್ಯದಲ್ಲೇ ತೂತುಗಳಿದ್ದ ಒಂದು ತೊಟ್ಟಿ, ನದಿಯ ನೀರು ಅದರೊಳಗೆ ಬಂದು ಹೋಗುತ್ತಿತ್ತು. ಸಂಜೆಯವರೆಗೂ ಮೀನಿಗೆ ಜೀವ ಇರುತ್ತಿತ್ತು.

ಇದನ್ನು ಓದುವಾಗ ನನಗೆ ಎರಡು ಬಗೆಯ ಭಾವನೆ. ಬಲೆ ಹಾಕಿ ತನ್ನ ಮೀನು ತಾನೇ ಹಿಡಿಯುತ್ತಿದ್ದವನು ಬೇರೆಯವರಿಗೆ ಕುರ್ಚಿ ಹಾಕುವವನಾದ. ಅದನ್ನು ಪ್ರಗತಿ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಆದರೆ ನದಿಯ ಯಾವ ಗುಂಡಿಯಲ್ಲಿ ಯಾವ ಮೀನು, ಯಾವ ತಿಂಗಳು, ಯಾವ ಹುಳು ಎಂಬ ಅವನ ತಿಳಿವಳಿಕೆಗೆ ಮೊದಲ ಸಲ ಬೆಲೆ ಕಟ್ಟಿದರು ಎಂಬುದೂ ನಿಜ. ಆ ತಿಳಿವಳಿಕೆ ಮಗನಿಗೆ, ಮೊಮ್ಮಗನಿಗೆ ದಾಟಿತು. ದೋಣಿ ಕಟ್ಟುವ ಬಡಗಿಗೂ ಕೆಲಸ ಉಳಿಯಿತು. 1889ರಲ್ಲಿ ಜೆರೋಮ್ ಕೆ. ಜೆರೋಮ್ ಬರೆದ 'ಥ್ರೀ ಮೆನ್ ಇನ್ ಎ ಬೋಟ್' ಬಂದ ಮೇಲೆ ಥೇಮ್ಸಿನಲ್ಲಿ ದೋಣಿ ಬಾಡಿಗೆ ಹಿಡಿದು ಹೋಗುವ ಹುಚ್ಚು ಇನ್ನೂ ಹೆಚ್ಚಿತು. ರಿಚ್‌ಮಂಡ್ ಸೇತುವೆಯ ಹತ್ತಿರ ಇವತ್ತಿಗೂ ಮರದ ದೋಣಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ, ಹುಟ್ಟು ಮಾತ್ರ ನಾವೇ ಹಾಕಬೇಕು.

1940ರಲ್ಲಿ ಸರಕಾರಕ್ಕೇ ಈ ದೋಣಿಗಳು ಬೇಕಾದವು. ಡನ್‌ಕರ್ಕಿನ ಕಡಲ ದಂಡೆಯಲ್ಲಿ ಸಿಕ್ಕಿಕೊಂಡ ಸೈನಿಕರನ್ನು ತರಲು ಟೆಡಿಂಗ್ಟನ್ನಿನ ಟಫ್ ದೋಣಿ ಕಾರ್ಖಾನೆಯಲ್ಲಿ ನೂರಕ್ಕೂ ಹೆಚ್ಚು ವಿಹಾರ ದೋಣಿಗಳನ್ನು ಒಟ್ಟು ಸೇರಿಸಿದರು. ಬಾರ್ಜುಗಳೂ ಹೋದವು. 1922ರಲ್ಲಿ ಕಟ್ಟಿದ ಪಜ್ ಎಂಬ ಬಾರ್ಜು ಸ್ಫೋಟಕ್ಕೆ ಮೇಲೆ ಹಾರಿ, ಪುಣ್ಯಕ್ಕೆ ನೆಟ್ಟಗೇ ಕೆಳಗೆ ಬಂದು, ಸೈನಿಕರನ್ನು ಹೊತ್ತು ಹಿಂತಿರುಗಿತು. ಒಟ್ಟು 3,38,000ಕ್ಕೂ ಹೆಚ್ಚು ಜನ ಪಾರಾದರು, ಹೇಸರಗತ್ತೆಗಳ ದಳದ ನಮ್ಮ ಭಾರತೀಯ ಸೈನಿಕರೂ ಅವರಲ್ಲಿದ್ದರು.

ಮತ್ತೆ ಕೇಂಬ್ರಿಯಾ ಕಡೆಗೆ ಬರುತ್ತೇನೆ, ಏಕೆಂದರೆ ನಾನು ಹೇಳಬೇಕೆಂದಿರುವುದು ಅದರಲ್ಲಿದೆ. 1970ರ ನಂತರ ಅದನ್ನು ಗೌರವದಿಂದ ಕಾಪಾಡಲು ತೀರ್ಮಾನಿಸಿದರು. ಟವರ್ ಬ್ರಿಡ್ಜ್ ಪಕ್ಕದ ಸೇಂಟ್ ಕ್ಯಾಥರೀನ್ ಡಾಕ್ಸ್‌ನಲ್ಲಿ, ಬೇರೆ ಹಳೆಯ ಹಡಗುಗಳ ಜೊತೆ, ವಸ್ತುಸಂಗ್ರಹಾಲಯದ ವಸ್ತುವಾಗಿ ಕಟ್ಟಿ ನಿಲ್ಲಿಸಿದರು. ಅದು ಕೊಳೆಯಿತು. ಮರದ ದೋಣಿಗೆ ಉಪ್ಪುನೀರು ಶತ್ರುವಲ್ಲ, ಉಪ್ಪಿನಕಾಯಿಗೆ ಹೇಗೋ ಹಾಗೆ ಉಪ್ಪು ಅದನ್ನು ಕಾಪಾಡುತ್ತದೆ. ಮಳೆನೀರು ಶತ್ರು. ಮೇಲಿನ ಹಲಗೆಗಳ ಸಂದಿಯಿಂದ ಇಳಿದು, ಗಾಳಿಯಾಡದ ಮೂಲೆಯಲ್ಲಿ ನಿಂತು, ಓಕ್ ಮರವನ್ನು ಹಿಟ್ಟು ಮಾಡುತ್ತದೆ. ದೋಣಿ ಓಡುತ್ತಿದ್ದರೆ ಯಾರಾದರೂ ದಿನಾ ಅಲ್ಲಿ ಇರುತ್ತಾರೆ, ಸೋರಿದ್ದು ಕಾಣುತ್ತದೆ, ಸಂದಿಗೆ ನಾರು ತುಂಬಿ ಡಾಂಬರು ಹಾಕುತ್ತಾರೆ. ನಿಂತ ದೋಣಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಲಾಟರಿ ನಿಧಿಯ ದೊಡ್ಡ ಸಹಾಯದಿಂದ ಫ್ಯಾವರ್‌ಶಮ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಬಹುಪಾಲು ಹೊಸ ಮರ ಹಾಕಿ, 2011ರಲ್ಲಿ ಮತ್ತೆ ನೀರಿಗಿಳಿಸಬೇಕಾಯಿತು.

ಅದೇ ಸೇಂಟ್ ಕ್ಯಾಥರೀನ್ ಡಾಕ್ಸ್‌ನಿಂದ ಲೇಡಿ ಡ್ಯಾಫ್ನಿಯಂಥ ಬಾರ್ಜುಗಳು ಬಾಡಿಗೆ ಗಿರಾಕಿಗಳನ್ನು ಹೊತ್ತು ನದಿಯಲ್ಲಿ ಓಡಾಡಿದವು. ಲೇಡಿ ಡ್ಯಾಫ್ನಿಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1923ರಲ್ಲಿ ಇದನ್ನು ಕಟ್ಟಿದ್ದು ವಿಮಾನ ಕಟ್ಟುವುದಕ್ಕೆ ಹೆಸರಾದ ಶಾರ್ಟ್ ಬ್ರದರ್ಸ್. 1927ರ ಕ್ರಿಸ್ಮಸ್ ಸಮಯದ ಬಿರುಗಾಳಿಯಲ್ಲಿ ಕಪ್ತಾನ ಸಮುದ್ರಪಾಲಾದ, ಉಳಿದಿಬ್ಬರನ್ನು ಲೈಫ್‌ಬೋಟಿನವರು ಕಾಪಾಡಿದರು. ದೋಣಿ ಮಾತ್ರ ಯಾರೂ ಇಲ್ಲದೆ ತಾನೇ ಸಾಗಿ, ಬಂಡೆಗಳೇ ತುಂಬಿರುವ ಸಿಲ್ಲಿ ದ್ವೀಪಗಳ ನಡುವೆ ಮರಳಿನ ಮೇಲೆ ಹೋಗಿ ಕೂತಿತು. ಒಳಗೆ ಜೀವಂತ ಇದ್ದದ್ದು ಕಪ್ತಾನನ ಕ್ಯಾನರಿ ಹಕ್ಕಿ.

ಬಾಡಿಗೆಗೆ ಹೊರಟ ದೋಣಿ ಮೊದಲಿನ ಹಾಗೆ ಉಳಿಯುವುದಿಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಇಟ್ಟಿಗೆ ತುಂಬುತ್ತಿದ್ದ ಜಾಗದಲ್ಲಿ ಈಗ ಮೇಜು, ಕುರ್ಚಿ, ಅಡುಗೆಮನೆ, ಟಾಯ್ಲೆಟ್ಟು. ಹೊಟ್ಟೆಯೊಳಗೆ ಎಂಜಿನ್. ಇದು ಇತಿಹಾಸವೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ದೇಶದಲ್ಲಿ ಹಳೆಯ ಕಟ್ಟಡಕ್ಕೆ ಇರುವ ಕಾನೂನಿನ ರಕ್ಷಣೆ ಹಳೆಯ ದೋಣಿಗೆ ಇಲ್ಲ. 50 ವರ್ಷ ದಾಟಿದ, 33 ಅಡಿಗಿಂತ ಉದ್ದದ ದೋಣಿಗಳನ್ನು ರಾಷ್ಟ್ರೀಯ ಪಟ್ಟಿಗೆ ಸೇರಿಸಬಹುದು, ಆದರೆ ಪಟ್ಟಿಯಲ್ಲಿದ್ದರೂ ಮಾಲೀಕ ಅದನ್ನು ಒಡೆದು ಹಾಕುವುದನ್ನು ಯಾರೂ ತಡೆಯಲಾಗದು. ನಮ್ಮ ಬೀದಿಯಲ್ಲಿ ಹಳೆಯ ಕಿಟಕಿ ಬದಲಾಯಿಸಲು ಕೌನ್ಸಿಲ್ ಅನುಮತಿ ಬೇಕಾದ ಮನೆ ಇದೆ! ದೋಣಿಗೆ ಹಣ ತರುವುದು ಬಾಡಿಗೆ ಒಂದೇ. ಅಲುಗಾಡದ ಅಸಲಿ ದೋಣಿಗಿಂತ ಎಂಜಿನ್ ಇರುವ ಓಡುವ ದೋಣಿ ನನಗೆ ಮೇಲು.

ಬಾಡಿಗೆಯ ಇತಿಹಾಸದಲ್ಲಿ ಒಂದು ಕರಾಳ ರಾತ್ರಿಯೂ ಇದೆ. ಮಾರ್ಚಿಯೊನೆಸ್ ಎಂಬುದು 1923ರಲ್ಲಿ ಕಟ್ಟಿದ, ಡನ್‌ಕರ್ಕಿಗೂ ಹೋಗಿ ಬಂದಿದ್ದ ವಿಹಾರ ದೋಣಿ. 1989ರ ಆಗಸ್ಟ್ 20ರ ನಸುಕಿನಲ್ಲಿ ಹುಟ್ಟುಹಬ್ಬದ ಪಾರ್ಟಿಗೆಂದು ಅದನ್ನು ಬಾಡಿಗೆಗೆ ಪಡೆದಿದ್ದರು. ಕ್ಯಾನನ್ ಸ್ಟ್ರೀಟ್ ರೈಲು ಸೇತುವೆಯ ಹತ್ತಿರ ಬೌಬೆಲ್ ಎಂಬ ದೊಡ್ಡ ಹೂಳೆತ್ತುವ ಹಡಗು ಹಿಂದಿನಿಂದ ಬಂದು ಡಿಕ್ಕಿ ಹೊಡೆಯಿತು. ದೋಣಿ ಕ್ಷಣಗಳಲ್ಲಿ ಮುಳುಗಿತು, 51 ಜನ ಸತ್ತರು, ಹೆಚ್ಚಿನವರು ಎಳೆಯರು. ಅವರ ಸ್ಮಾರಕ ಸದರ್ಕ್ ಕೆಥೆಡ್ರಲ್‌ನ ನೆಲದಲ್ಲಿದೆ. ಥೇಮ್ಸ್ ಮೇಲೆ ಆಗ ಲೈಫ್‌ಬೋಟ್ ಠಾಣೆ ಇರಲಿಲ್ಲ. ವಿಚಾರಣೆಗಳಿಗೇ ಹನ್ನೆರಡು ವರ್ಷ ಹಿಡಿಯಿತು, 2002ರಲ್ಲಿ ಟವರ್, ಚಿಸಿಕ್, ಟೆಡಿಂಗ್ಟನ್, ಗ್ರೇವ್ಸೆಂಡ್‌ಗಳಲ್ಲಿ ಠಾಣೆಗಳು ಬಂದವು. ಸತ್ತವರ ಮನೆಯವರು ಬಿಡದೆ ಕೇಳಿದ್ದರಿಂದಲೇ ಆ ವಿಚಾರಣೆಗಳು ನಡೆದವು.

ಹಳೆಯ ದೋಣಿ ಬಾಡಿಗೆಗೆ ಕೇಳಿದರೆ ಬಹಳ ಕಡೆ "ಹನ್ನೆರಡು ಜನ ಮಾತ್ರ" ಎನ್ನುತ್ತಾರೆ. 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಕಾನೂನಿನ ಪ್ರಕಾರ ಪ್ರಯಾಣಿಕ ಹಡಗು, ಅದಕ್ಕೆ ಬಹಳ ಕಠಿಣ ನಿಯಮಗಳು. ನೂರು ವರ್ಷದ ಮರಕ್ಕೆ ಅವನ್ನೆಲ್ಲ ಪಾಲಿಸುವುದು ಕಷ್ಟ. ಹನ್ನೆರಡು ಜನರ ಬಾಡಿಗೆಯಲ್ಲಿ ಖರ್ಚು ಹುಟ್ಟುವುದೂ ಕಷ್ಟ. ಮಾಲೀಕರು ಗೊಣಗುತ್ತಾರೆ. ಸದರ್ಕಿನ ಆ ಕಲ್ಲು ನೋಡಿದ ಮೇಲೆ ನಾನು ನಿಯಮದ ಪರ.

ಬೇಸಿಗೆಯಲ್ಲಿ ಮಂಗಳೂರಿನಿಂದ ಬಂದ ನನ್ನ ಅಜ್ಜನಿಗೆ ಇದನ್ನೆಲ್ಲ ಹೇಳಿದೆ. ಅವರ ಅಪ್ಪನಿಗೆ ಬಂದರಿನಲ್ಲಿ ಹಂಚು ಸಾಗಿಸುವ ಒಂದು ಮಂಜಿಯಲ್ಲಿ ಪಾಲು ಇತ್ತು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮಂಜಿಗಳು ಈಗಲೂ ಇವೆ, ಎಂಜಿನ್ ಹಾಕಿದವು. ಅಜ್ಜನ ಮಂಜಿ ಏನಾಯಿತು ಎಂದು ಕೇಳಿದೆ.

"ಏನಾಗ್ತದೆ? ಒಡೆದರು. ಒಳ್ಳೆ ಹಲಗೆ ಮಾರಿದರು, ಉಳಿದದ್ದು ಒಲೆಗೆ ಹೋಯ್ತು."

"ಒಂದು ಫೋಟೋ ಆದ್ರೂ ಇಲ್ವಾ, ಅಜ್ಜ?"

"ಫೋಟೋ ಮದುವೆಗೆ ತೆಗೆಯುದು ಮಗಾ, ಮಂಜಿಗೆ ಯಾರು ತೆಗೀತಾರೆ?"

ಆಮೇಲೆ ಅವರೇ ಅದರ ಉದ್ದ, ಕೂವೆಮರದ ಎತ್ತರ, ಎಷ್ಟು ಹಂಚು ಹಿಡಿಯುತ್ತಿತ್ತು, ತಾಂಡೇಲ ಎಲ್ಲಿ ಮಲಗುತ್ತಿದ್ದ ಎಂದು ಒಂದೊಂದಾಗಿ ಹೇಳಿದರು. ನಾನು ಹಿಂದಿನ ಪುಟವಿಲ್ಲದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕನ್ನಡದಲ್ಲೇ ಬರೆದೆ, ಏಕೆಂದರೆ ದೋಣಿಯ ಆ ಭಾಗಗಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೇಂಬ್ರಿಯಾ ಈಗ ಎಂಜಿನ್ ಇಲ್ಲದೆಯೇ ಓಡುತ್ತದೆ. ನನ್ನ ವಯಸ್ಸಿನವರನ್ನು ಹತ್ತಿಸಿಕೊಂಡು ಹಾಯಿ ಎಳೆಯಲು ಕಲಿಸುತ್ತಾರೆ. ನಮ್ಮ ಬ್ಯಾಚಿನಲ್ಲಿ ಒಂಬತ್ತು ಜನ, ಟೀಚರ್ ಸೇರಿದರೆ ಹತ್ತು. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ದುಡ್ಡು ಹಾಕಿ ಒಂದು ದಿನಕ್ಕೆ ಯಾವುದಾದರೂ ಬಾರ್ಜು ಹಿಡಿಯೋಣ ಎಂದು ಮಾತಾಗಿದೆ. ಬುತ್ತಿಗೆ ಚಿತ್ರಾನ್ನವೋ ಪುಳಿಯೋಗರೆಯೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.